ಮನೆಯ ಪ್ರಿಂಟರಿಗೆ ಪರರ ಮುಖ ನೋಡುವುದೇಕೆ?

ಕಾಗದದ ಕಾಲ ಮುಗಿಯಿತೆಂದು ಹೇಳುವವರು ಹೇಳುತ್ತಲೇ ಇದ್ದಾರೆ. ಆದರೆ ಮುಂಬಯಿಯಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿಯಹೊರಟವನಿಗೂ, ಮಗುವನ್ನು ಶಾಲೆಗೆ ಸೇರಿಸಹೊರಟ ಗುಮಾಸ್ತನಿಗೂ, ಭವಿಷ್ಯನಿಧಿಯ ಹಣಕ್ಕಾಗಿ ಅಲೆಯುವ ಹೋಟೆಲ್ ಕಾರ್ಮಿಕನಿಗೂ ಕಾಗದದ ಋಣ ಇನ್ನೂ ಹರಿದಿಲ್ಲ. ಎಲ್ಲಿ ಹೋದರೂ ಎರಡು ಪ್ರತಿ ತನ್ನಿರೆಂಬ ಮಾತು ತಪ್ಪುವುದಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮನೆಗೆ ಬಂದಾಗ ನಮ್ಮ ಬಂಧುಗಳಲ್ಲಿ ಅನೇಕರು ಪ್ರಿಂಟರ್ ಕೊಂಡರು. ಅವುಗಳಲ್ಲಿ ಎಷ್ಟೋ ಯಂತ್ರಗಳು ಇಂದು ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿವೆ. ಕಾರಣ ಕೇಳಿದರೆ, ‘ವೈಫೈಗೆ ಸೇರುವುದಿಲ್ಲ’ ಎಂಬ ಒಂದೇ ಉತ್ತರ. ಯಂತ್ರವು ಮನೆಯಲ್ಲಿರಲು, ಆಧಾರ್ ಕಾರ್ಡು, ಸಂಬಳದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು ಇವೆಲ್ಲವುಗಳ ಚಿತ್ರಗಳು ವಾಟ್ಸಾಪಿನ ಮೂಲಕ ಬೀದಿಯ ಜೆರಾಕ್ಸ್ ಅಂಗಡಿಯ ಫೋನಿಗೆ ಹೋಗುತ್ತವೆ. ಅವು ಅಲ್ಲಿ ಎಷ್ಟು ಕಾಲ ಉಳಿಯುವುವು, ಯಾರ ಕಣ್ಣಿಗೆ ಬೀಳುವುವು ಎಂದು ವಿಚಾರಿಸುವವರೇ ಇಲ್ಲ. ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಮನೆಯ ಗುಟ್ಟಿನ ಪ್ರಶ್ನೆ. ಪ್ರಿಂಟರನ್ನು ಜಾಲಕ್ಕೆ ಜೋಡಿಸುವ ವಿದ್ಯೆಯನ್ನು ಪ್ರತಿ ಮನೆಯಲ್ಲಿ ಒಬ್ಬರಾದರೂ ಕಲಿಯಲೇಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಕೆಲಸದ ಕ್ರಮವನ್ನು ಅರಿಯದೆ ಗುಂಡಿಗಳನ್ನು ಒತ್ತುವುದರಿಂದಲೇ ಹೆಚ್ಚಿನ ತೊಡಕುಗಳು ಹುಟ್ಟುತ್ತವೆ. ಹೋಟೆಲು ನಡೆಸಿದವರಿಗೆ ಈ ಕ್ರಮ ಹೊಸದಲ್ಲ. ಹೋಟೆಲಿನಲ್ಲಿ ಪ್ರತಿ ಮೇಜಿಗೂ ಒಂದು ಸಂಖ್ಯೆಯುಂಟು. ಆ ಸಂಖ್ಯೆಯನ್ನು ನೋಡಿ ಸಪ್ಲೈಯರ್ ತಟ್ಟೆಯನ್ನು ತಲುಪಿಸುತ್ತಾನೆ. ಮನೆಯ ರೂಟರ್ ಮಾಡುವುದೂ ಇದೇ ಕೆಲಸ. ತನ್ನಲ್ಲಿಗೆ ಬಂದ ಪ್ರತಿಯೊಂದು ಫೋನಿಗೂ, ಕಂಪ್ಯೂಟರಿಗೂ, ಪ್ರಿಂಟರಿಗೂ ಅದು ಒಂದೊಂದು ಸಂಖ್ಯೆಯನ್ನು ಕೊಡುತ್ತದೆ. ಫೋನಿನಿಂದ ಹೊರಟ ಪುಟವು ಆ ಸಂಖ್ಯೆಯ ಗುರುತಿನಿಂದಲೇ ಪ್ರಿಂಟರನ್ನು ಸೇರುತ್ತದೆ. ಆದುದರಿಂದ ನೆನಪಿಡತಕ್ಕ ಸೂತ್ರಗಳು ಎರಡೇ: ಫೋನೂ ಪ್ರಿಂಟರೂ ಒಂದೇ ಜಾಲದಲ್ಲಿರಬೇಕು, ಪ್ರಿಂಟರಿನ ಸಂಖ್ಯೆ ಬದಲಾಗದಂತೆ ನೋಡಿಕೊಳ್ಳಬೇಕು.

ಮೊದಲನೆಯ ಸೂತ್ರದಲ್ಲಿ ಬಹುಮಂದಿ ಎಡವುವ ಸ್ಥಳವೊಂದುಂಟು. ಈಗಿನ ಅನೇಕ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳನ್ನು ಹೊರಡಿಸುತ್ತವೆ. 5ರ ವೇಗ ಹೆಚ್ಚು, ಗೋಡೆಯನ್ನು ದಾಟುವ ಬಲ ಕಡಿಮೆ. ಅಗ್ಗದ ಪ್ರಿಂಟರುಗಳಲ್ಲಿ ಬಹಳಷ್ಟು 2.4ನ್ನು ಮಾತ್ರ ಬಲ್ಲವು. ರೂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದ್ದರೆ ಪ್ರಿಂಟರನ್ನು 2.4ರ ಹೆಸರಿಗೇ ಸೇರಿಸಬೇಕು. ಹೆಸರು ಒಂದೇ ಆಗಿದ್ದು ಜೋಡಣೆ ಕೂಡಿಬರದಿದ್ದರೆ, ಕೆಲಸ ಮುಗಿಯುವವರೆಗೆ 5ನ್ನು ನಿಲ್ಲಿಸಿಡಬಹುದು. ಅತಿಥಿಗಳಿಗೆಂದು ತೆರೆದ ಪ್ರತ್ಯೇಕ ಜಾಲದಲ್ಲಿ ಫೋನು ಇದ್ದರೆ ಪ್ರಿಂಟರ್ ಅದಕ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ. ಆ ಜಾಲವನ್ನು ರಚಿಸಿರುವುದೇ ಮನೆಯ ಯಂತ್ರಗಳನ್ನು ಪರರಿಂದ ಮರೆಮಾಡಲು.

ಇನ್ನು ಜೋಡಿಸುವ ರೀತಿ. ಪ್ರಿಂಟರನ್ನು ಮೊದಲು ರೂಟರಿನ ಸಮೀಪದಲ್ಲಿಡಿರಿ. ಅದಕ್ಕೆ ಚಿಕ್ಕ ಪರದೆಯಿದ್ದರೆ ವೈಫೈ ಎಂಬ ವಿಭಾಗವನ್ನು ತೆರೆದು, ಮನೆಯ ಜಾಲದ ಹೆಸರನ್ನು ಆರಿಸಿ, ಪಾಸ್‌ವರ್ಡನ್ನು ದೊಡ್ಡಕ್ಷರ ಸಣ್ಣಕ್ಷರಗಳ ಭೇದವರಿತು ಬರೆಯಿರಿ. ಪರದೆಯಿಲ್ಲದ ಯಂತ್ರಗಳಿಗೆ ತಯಾರಕರ ಆ್ಯಪ್ ಇರುತ್ತದೆ. ಇಲ್ಲವೇ ರೂಟರಿನ ಡಬ್ಲ್ಯೂಪಿಎಸ್ ಗುಂಡಿಯನ್ನೊತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ಗುಂಡಿಯನ್ನೂ ಒತ್ತಿದರೆ ಸಾಕು. ಆದರೆ ಇದೇ ಡಬ್ಲ್ಯೂಪಿಎಸ್‌ನಲ್ಲಿ ಅಂಕಿಗಳಿಂದ ಜೋಡಿಸುವ ಮತ್ತೊಂದು ವಿಧಾನವನ್ನು ಮುಚ್ಚಿಡುವುದು ಕ್ಷೇಮ. ಅದರ ದೌರ್ಬಲ್ಯವು 2011ರಲ್ಲಿಯೇ ಬಯಲಾಗಿದೆ.

ಜೋಡಣೆಯಾದ ಮೇಲೆ ಜಾಲದ ವಿವರದ ಪುಟವೊಂದನ್ನು ಪ್ರಿಂಟರಿನಿಂದಲೇ ಅಚ್ಚು ಮಾಡಿಸಿರಿ. ಅದರಲ್ಲಿ 192.168.1.25 ಎಂಬಂತಹ ಸಂಖ್ಯೆಯೊಂದು ಇರುತ್ತದೆ. ಅದೇ ಪ್ರಿಂಟರಿನ ವಿಳಾಸ. ರೂಟರ್ ಈ ಸಂಖ್ಯೆಯನ್ನು ಕೆಲಕಾಲಕ್ಕೆಂದು ಮಾತ್ರ ಕೊಟ್ಟಿರುತ್ತದೆ. ವಿದ್ಯುತ್ತು ಹೋಗಿ ಬಂದ ಬಳಿಕ ಬೇರೆ ಸಂಖ್ಯೆ ಬರಬಹುದು. ಮೇಜಿನ ಸಂಖ್ಯೆಯನ್ನು ದಿನಕ್ಕೊಮ್ಮೆ ಬದಲಿಸಿದರೆ ಎಂತಹ ಚುರುಕಿನ ಸಪ್ಲೈಯರನೂ ಕಂಗೆಡುವನಲ್ಲವೇ? ‘ನಿನ್ನೆ ಬರುತ್ತಿತ್ತು, ಇಂದು ಬರುವುದಿಲ್ಲ’ ಎಂಬ ಗೋಳಿಗೆ ಅನೇಕ ಸಲ ಇದೇ ಮೂಲ. ರೂಟರಿನ ಪುಟವನ್ನು ತೆರೆದು ಆ ಸಂಖ್ಯೆಯನ್ನು ಪ್ರಿಂಟರಿಗೆ ಕಾಯ್ದಿರಿಸಿದರೆ ಗೋಳು ತೀರುತ್ತದೆ.

ಹಿಂದೆ ಪ್ರತಿ ಯಂತ್ರಕ್ಕೂ ಬೇರೆ ಬೇರೆ ಡ್ರೈವರ್‌ ಹುಡುಕಬೇಕಾಗಿತ್ತು. ಈಗ ಆ ಕಷ್ಟ ಬಹುಮಟ್ಟಿಗೆ ಕಳೆದಿದೆ. ಆಪಲ್ ಕಂಪನಿಯು 2010ರಲ್ಲಿ ಏರ್‌ಪ್ರಿಂಟ್ ಎಂಬ ವ್ಯವಸ್ಥೆಯನ್ನು ತಂದಿತು. 2013ರಲ್ಲಿ ಕೆನಾನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಕಂಪನಿಗಳು ಕೂಡಿ ಮೋಪ್ರಿಯಾ ಎಂಬ ಕೂಟವನ್ನು ಕಟ್ಟಿದವು. 2017ರ ಆಂಡ್ರಾಯ್ಡ್ 8ರಿಂದೀಚೆಗೆ ಮುದ್ರಣದ ಸೌಕರ್ಯವು ಫೋನಿನೊಳಗೇ ಬಂದಿದೆ. ಹಳೆಯ ಬರಹಗಳು ಸೂಚಿಸುವ ಗೂಗಲ್ ಕ್ಲೌಡ್ ಪ್ರಿಂಟ್ 2020ರ ಡಿಸೆಂಬರ್ 31ಕ್ಕೆ ನಿಂತುಹೋಗಿದೆ. ಅದನ್ನು ಅರಸಿ ಕಾಲ ಕಳೆಯಬೇಕಾಗಿಲ್ಲ.

ಇಷ್ಟಾದರೂ ಯಂತ್ರವು ಹಟ ಹಿಡಿಯಬಹುದು. ನಿಜವಾದ ಅಪಾಯವಿರುವುದು ಆಗಲೇ. ತಾಳ್ಮೆಗೆಟ್ಟವನು ಇಂಟರ್ನೆಟ್ಟಿನಲ್ಲಿ ಸಹಾಯದ ನಂಬರನ್ನು ಹುಡುಕುತ್ತಾನೆ. ಅಲ್ಲಿ ತಯಾರಕರ ವೇಷದಲ್ಲಿ ಕಾದು ಕುಳಿತ ಕಳ್ಳರು ಸಾಕಷ್ಟಿದ್ದಾರೆ. ಅವರು ಮೃದುವಾಗಿ ಮಾತನಾಡಿ, ಒಂದು ಆ್ಯಪನ್ನು ಹಾಕಿಸಿ, ಫೋನಿನ ಪರದೆಯನ್ನೇ ತಮ್ಮ ವಶಕ್ಕೆ ತೆಗೆದುಕೊಳ್ಳುತ್ತಾರೆ. ಆಮೇಲೆ ಹೋಗುವುದು ಪ್ರಿಂಟರಲ್ಲ, ಬ್ಯಾಂಕಿನಲ್ಲಿಟ್ಟ ಬೆವರಿನ ಹಣ. ಇಂತಹ ಆ್ಯಪಿನಿಂದಾಗುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕು 2019ರಲ್ಲಿಯೇ ಎಚ್ಚರಿಕೆ ಕೊಟ್ಟಿದೆ. ಸಹಾಯದ ನಂಬರನ್ನು ಯಂತ್ರದ ಪೆಟ್ಟಿಗೆಯಲ್ಲಿ ಬಂದ ಪುಸ್ತಿಕೆಯಿಂದಲೇ ತೆಗೆದುಕೊಳ್ಳಿರಿ. ಪ್ರಿಂಟರಿನ ರಿಪೇರಿಗೆ ಒಟಿಪಿ ಎಂದೂ ಬೇಕಾಗುವುದಿಲ್ಲ. ಮೋಸಹೋದವರು ಒಂದು ಕ್ಷಣವೂ ನಾಚದೆ, ತಡಮಾಡದೆ 1930ಕ್ಕೆ ಫೋನು ಮಾಡತಕ್ಕದ್ದು.

ತಿಂಗಳಿಗೆ ನಾಲ್ಕು ಪುಟ ಬೇಕಾದವನಿಗೆ ಈ ರಗಳೆಯೆಲ್ಲ ಏಕೆಂದು ಕೆಲವರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಇಂಕಿನ ಪ್ರಿಂಟರನ್ನು ಬಳಸದೆ ಬಿಟ್ಟರೆ ಶಾಯಿ ಒಣಗಿ ನಳಿಗೆ ಕಟ್ಟಿಕೊಳ್ಳುವುದೂ ನಿಜ. ಅಂತಹವರು ಯಂತ್ರವನ್ನು ಕೊಳ್ಳದಿರುವುದೇ ಲೇಸು. ಅಂಗಡಿಗೆ ಹೋಗುವವರು, ಕೇಳಿದ ಕಡೆ ಒಪ್ಪುವುದಾದರೆ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಕೊಡಲಿ. ಕೆಲಸ ಮುಗಿದೊಡನೆ ಕಡತವನ್ನು ಕಣ್ಣೆದುರೇ ಅಳಿಸಲು ಹೇಳಲಿ. ಆದರೆ ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಇರುವಲ್ಲಿ, ಶಾಲೆಗೆ ಹೋಗುವ ಮಕ್ಕಳಿರುವಲ್ಲಿ, ಎಲ್ಲರೂ ಹಂಚಿಕೊಂಡ ಒಂದು ಪ್ರಿಂಟರ್ ಖಂಡಿತವಾಗಿಯೂ ಉಪಯುಕ್ತ. ವೈಫೈಯ ಉದ್ದೇಶವೇ ಅದು: ಯಂತ್ರ ಒಂದು, ಬಳಸುವ ಕೈ ಹಲವು. ಆ ಪಾಸ್‌ವರ್ಡು ಮಾತ್ರ ಕೋಣೆಯವರಲ್ಲೇ ಉಳಿಯಲಿ. ಪ್ರಿಂಟರಿನ ಪುಟಕ್ಕೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿರಿ. ಮಾರುವ ಮುನ್ನ ಯಂತ್ರದಲ್ಲಿಯ ವಿವರಗಳನ್ನೆಲ್ಲ ಅಳಿಸಿರಿ.

ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಪರಂಪರೆ ಮುಂಬಯಿಯ ಕನ್ನಡಿಗರದು. ಹಿಂದೆ ಅಕ್ಷರ ಬಾರದವನು ತನ್ನ ಮನೆಯ ಕಾಗದವನ್ನು ಪರರಿಂದ ಓದಿಸಿಕೊಂಡು, ಮನೆಯ ಸುದ್ದಿಯೆಲ್ಲ ಪರರಿಗೆ ತಿಳಿಯುವಂತೆ ಮಾಡಿಕೊಳ್ಳುತ್ತಿದ್ದನು. ಇಂದು ಪ್ರಿಂಟರಿಗಾಗಿ ಪರರ ಫೋನಿಗೆ ದಾಖಲೆ ಕಳುಹಿಸುವವನ ಸ್ಥಿತಿ ಅದಕ್ಕಿಂತ ಹೆಚ್ಚು ಭಿನ್ನವಾಗಿಲ್ಲ. ಬಲ್ಲವರು ಒಂದು ವಾರದ ರಜೆಯಲ್ಲಿ ಪಕ್ಕದ ಕೋಣೆಯವರಿಗೆ ಇದನ್ನು ಕಲಿಸಿಕೊಡಲಿ. ಅರ್ಧ ಗಂಟೆಯ ಪಾಠವಿದು. ಕಲಿತವನು ಇನ್ನಿಬ್ಬರಿಗೆ ಕಲಿಸದೆ ಇರಲಾರನು.