ಮೀನಿನ ಕಲಹವೂ ಸಾಕುವವನ ಹೊಣೆಯೂ

ಗಾಜಿನ ತೊಟ್ಟಿಯೊಳಗೆ ಬಲಿಷ್ಠವಾದ ಮೀನೊಂದು ದುರ್ಬಲವಾದ ಇನ್ನೊಂದನ್ನು ಮೂಲೆಗೊತ್ತಿ, ಅದರ ರೆಕ್ಕೆಗಳನ್ನು ಹರಿದು, ಪ್ರಾಣ ಹೋಗುವವರೆಗೂ ಬಿಡದೆ ಅಟ್ಟಾಡಿಸುವುದನ್ನು ಕಂಡವರು, ಆ ಜಾತಿಯೇ ಕ್ರೂರವೆಂದು ತೀರ್ಮಾನಿಸಿ ಸುಮ್ಮನಾಗುವುದುಂಟು. ರೋಣ, ನರಗುಂದ, ಗಜೇಂದ್ರಗಡಗಳಂತಹ ನಮ್ಮ ಊರುಗಳ ಪಡಸಾಲೆಗಳಲ್ಲಿಯೂ ಅಂಗಡಿಗಳ ಗಲ್ಲೆಯ ಪಕ್ಕದಲ್ಲಿಯೂ ಇಂದು ಆಸ್ಕರ್, ಫ್ಲವರ್‌ಹಾರ್ನ್, ಮಲಾವಿ ಸರೋವರದ ನೀಲಿ ಹಳದಿ ಮೀನುಗಳು ಸ್ಥಾನ ಪಡೆಯುತ್ತಿರುವಾಗ, ಸಿಕ್ಲಿಡ್ ಎಂಬ ಈ ಕುಲದ ಕಲಹಕ್ಕೆ ಉತ್ತರವಾದಿಯು ಸಾಕುವವನೇ ಎಂಬ ಮಾತನ್ನು ಸ್ಪಷ್ಟವಾಗಿ ಹೇಳುವುದು ಅವಶ್ಯವೆಂದು ನಾನು ಭಾವಿಸುತ್ತೇನೆ.

ಈ ಕುಲವು ನಮಗೆ ಸಂಪೂರ್ಣವಾಗಿ ಪರಕೀಯವೂ ಅಲ್ಲ. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿ ನೂರಾರು ಪ್ರಭೇದಗಳಾಗಿ ಹರಡಿರುವ ಸಿಕ್ಲಿಡ್‌ಗಳಲ್ಲಿ ಮೂರು ಪ್ರಭೇದಗಳು ಭಾರತದ ಸ್ವಂತ ಸಂತಾನವಾಗಿದ್ದು, ಅವುಗಳಲ್ಲೊಂದು, 1877ರಲ್ಲಿ ಫ್ರಾನ್ಸಿಸ್ ಡೇ ಎಂಬ ವಿದ್ವಾಂಸನು ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಸಿದ ಮೀನು, ಕನ್ನಡ ಜಿಲ್ಲೆಯ ಹೆಸರನ್ನೇ ಹೊತ್ತು ದಕ್ಷಿಣ ಕನ್ನಡದ ನದಿಗಳಲ್ಲಿ ಬಾಳುತ್ತಿದೆ. ಮೊಟ್ಟೆಯಿಟ್ಟು ಮರೆತುಬಿಡುವುದು ಬಹುತೇಕ ಮೀನುಗಳ ಪದ್ಧತಿಯಾದರೆ, ಸಿಕ್ಲಿಡ್‌ಗಳಲ್ಲಿ ಅನೇಕವು ಕಲ್ಲನ್ನು ಶುಚಿಗೊಳಿಸಿ ಅದಕ್ಕೆ ಮೊಟ್ಟೆಗಳನ್ನಂಟಿಸಿ, ರೆಕ್ಕೆಯಿಂದ ನೀರು ಬೀಸುತ್ತ, ಮರಿಗಳನ್ನು ಹಿಂಡಾಗಿ ಕಾಯುತ್ತವೆ. ಮಲಾವಿಯ ತಾಯಿಮೀನಾದರೋ ಸುಮಾರು ಮೂರು ವಾರಗಳ ಕಾಲ ಮೊಟ್ಟೆಮರಿಗಳನ್ನು ಬಾಯಲ್ಲಿಯೇ ಇಟ್ಟುಕೊಂಡು ಬಹುಮಟ್ಟಿಗೆ ಉಪವಾಸವಿರುತ್ತದೆ. ಇಂತಹ ವಾತ್ಸಲ್ಯಕ್ಕೆ ನೆಲೆ ಬೇಕು, ನೆಲೆಗೆ ಎಲ್ಲೆ ಬೇಕು, ಎಲ್ಲೆಗೆ ಕಾವಲು ಬೇಕು. ನಾವು ಕಲಹವೆಂದು ಹಳಿಯುವುದು ಆ ಕಾವಲನ್ನೇ. ವಿಶಾಲವಾದ ಸರೋವರದಲ್ಲಿ ಸೋತ ಮೀನು ನಾಲ್ಕು ಮಾರು ದೂರ ಸರಿದರೆ ಜಗಳ ಮುಗಿಯಿತು. ಎರಡಡಿಯ ತೊಟ್ಟಿಯಲ್ಲಿ ಸರಿಯಲು ಎಡೆಯೇ ಇಲ್ಲದುದರಿಂದ ಸೋತದ್ದು ಗೆದ್ದದ್ದರ ಕಣ್ಣಿಗೆ ಸದಾಕಾಲವೂ ಅತಿಕ್ರಮಿಯಾಗಿಯೇ ತೋರಿ, ಕಾವಲು ಹತ್ಯೆಯಾಗಿ ಪರಿಣಮಿಸುತ್ತದೆ.

ಪ್ರಾಣಿಗಳ ವರ್ತನೆಯನ್ನು ಜೀವಮಾನವಿಡೀ ಅಭ್ಯಸಿಸಿ 1973ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದ ಆಸ್ಟ್ರಿಯದ ಕೊನ್ರಾಡ್ ಲೊರೆನ್ಜ್, ಆಕ್ರಮಣಶೀಲತೆಯನ್ನು ಕುರಿತು 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಿಕ್ಲಿಡ್‌ಗಳ ಸಂಸಾರವನ್ನು ವರ್ಣಿಸಿದ್ದಾನೆ. ನೆರೆಯ ಪ್ರತಿಸ್ಪರ್ಧಿಗಳನ್ನೆಲ್ಲ ತೆಗೆದು ಒಂದು ಜೋಡಿಯನ್ನು ಮಾತ್ರ ಉಳಿಸಿದರೆ ಗಂಡು ತನ್ನ ರೋಷವನ್ನು ಹೆಣ್ಣಿನ ಮೇಲೆಯೇ ತಿರುಗಿಸುವುದು. ಗಾಜಿನ ಅಡ್ಡತೆರೆಯಾಚೆ ಮತ್ತೊಂದು ಜೋಡಿಯಿದ್ದರೆ ಎರಡು ಸಂಸಾರಗಳೂ ನೆಮ್ಮದಿಯಿಂದಿರುವುವು. ಆ ಗಾಜಿಗೆ ಪಾಚಿ ಕಟ್ಟಿ ನೆರೆಯವನು ಮಸುಕಾದಂತೆಲ್ಲ ಮನೆಯೊಳಗಿನ ಜಗಳ ಮರಳುವುದು. ರೋಷವನ್ನು ನಿರ್ಮೂಲ ಮಾಡಲಾಗದು, ಅದು ಯಾರಿಗೂ ಅಪಾಯವಾಗದಂತೆ ಹರಿದುಹೋಗಲು ದಾರಿ ಕಲ್ಪಿಸಬಹುದೆಂಬುದು ಇದರಿಂದ ನಾವು ಕಲಿಯತಕ್ಕ ಪಾಠ.

ಆದುದರಿಂದ ಸಾಕಹೊರಟವನ ವಿವೇಕವು ಕೊಳ್ಳುವುದಕ್ಕೆ ಮುಂಚೆಯೇ ಕಾಣಿಸಿಕೊಳ್ಳಬೇಕು. ಬೆರಳುದ್ದವಿರುವಾಗ ಮನಸೆಳೆಯುವ ಆಸ್ಕರ್ ಒಂದಡಿಯವರೆಗೆ ಬೆಳೆಯುತ್ತದೆ. ಭಾಗ್ಯ ತರುವುದೆಂಬ ನಂಬಿಕೆಯಿಂದ ಮನೆ ಸೇರುವ ಫ್ಲವರ್‌ಹಾರ್ನ್ ಒಂಟಿಯಾಗಿ ಬಾಳುವುದಕ್ಕಷ್ಟೇ ಯೋಗ್ಯ. ಮಲಾವಿಯ ಮೀನುಗಳಿಗೆ ನಾಲ್ಕಡಿ ಉದ್ದದ, 200 ಲೀಟರಿಗೆ ಕಡಮೆಯಿಲ್ಲದ ತೊಟ್ಟಿಯೂ, ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣುಗಳೂ ಇದ್ದರೆ ಅಟ್ಟುವಿಕೆಯ ಭಾರವು ಒಂದರ ಮೇಲೆಯೇ ಬೀಳದೆ ಹಂಚಿಹೋಗುತ್ತದೆ. ಒಂದೇ ಬಣ್ಣದ ಎರಡು ಪ್ರಭೇದಗಳ ಗಂಡುಗಳನ್ನು ಜೊತೆಗಿಡಬಾರದು. ಗಜೇಂದ್ರಗಡದ ಗುಡ್ಡಗಳ ಮರಳುಗಲ್ಲಿನಂತಹ, ಅಂಚು ಮೊಂಡಾದ ಕಲ್ಲುಗಳನ್ನು ಚೆನ್ನಾಗಿ ತಿಕ್ಕಿ ತೊಳೆದು, ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ಗವಿಗಳಾಗಿ ಜೋಡಿಸಬೇಕು; ಮೀನುಗಳು ಮರಳನ್ನು ತೋಡುವುದರಿಂದ ಕಲ್ಲು ಮರಳಿನ ಮೇಲೆ ನಿಲ್ಲದೆ ತಳದ ಮೇಲೆಯೇ ಊರಿರಬೇಕು. ಹೊಸ ಮೀನುಗಳನ್ನು ಬಿಡುವಾಗ ಕಲ್ಲುಗಳ ಸ್ಥಾನವನ್ನು ಬದಲಿಸಿ, ದೀಪವಾರಿಸಿ, ಹಲವನ್ನು ಒಮ್ಮೆಗೇ ಬಿಟ್ಟರೆ ಹಳೆಯ ಎಲ್ಲೆಗಳೆಲ್ಲ ಅಳಿದು ಎಲ್ಲವೂ ಹೊಸದಾಗಿ ನೆಲೆ ಹುಡುಕತೊಡಗುತ್ತವೆ. ಇಷ್ಟಾದರೂ ತಣಿಯದ ಪುಂಡನನ್ನು ಕೆಲವು ದಿನ ಬೇರ್ಪಡಿಸಿ ಮರಳಿ ಬಿಟ್ಟರೆ, ತನ್ನ ಪ್ರಭುತ್ವವನ್ನು ಕಳೆದುಕೊಂಡ ಅದು ಎಷ್ಟೋ ವೇಳೆ ಮೆತ್ತಗಾಗುತ್ತದೆ. ನಮ್ಮ ಬೇಸಗೆಯಲ್ಲಿ ನೀರು ಕಾದು ಪ್ರಾಣವಾಯು ಕುಗ್ಗುವಾಗ ಗಾಳಿಯ ಪಂಪನ್ನು ನಿಲ್ಲಿಸಬಾರದೆಂಬುದನ್ನೂ ಮರೆಯತಕ್ಕದ್ದಲ್ಲ.

ನೀರಿನ ವಿಚಾರವನ್ನು ಈ ನೆಲದಲ್ಲಿ ಲಘುವಾಗಿ ಆಡುವಂತಿಲ್ಲ. ಮಲಪ್ರಭೆಯ ಅಚ್ಚುಕಟ್ಟಿನ ಕರಭಾರವನ್ನು ವಿರೋಧಿಸಿ 1980ರಲ್ಲಿ ರೈತರು ಬಂಡಾಯವೆದ್ದ, ಮಹಾದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತ ನರಗುಂದದ ಸೀಮೆಯಲ್ಲಿ, ಅಲಂಕಾರಕ್ಕೋಸ್ಕರ ನೀರನ್ನು ಹಿಡಿದಿಡುವವನು ಅದರ ಬೆಲೆಯನ್ನು ಅರಿತಿರಬೇಕು. ನಮ್ಮ ಬೋರಿನ ಗಡಸು ನೀರು ಆಫ್ರಿಕದ ಸರೋವರಗಳ ಮೀನಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ನಳದ ನೀರಾದರೆ ಕ್ಲೋರಿನ್ ಹೋಗುವಂತೆ ತೆರೆದಿಟ್ಟು ಬಳಸಬೇಕು. ವಾರಕ್ಕೊಮ್ಮೆ ತೆಗೆಯುವ ಕಾಲುಭಾಗ ನೀರು ಗಿಡಗಳಿಗೆ ಉತ್ತಮವಾದ ಗೊಬ್ಬರವಾದುದರಿಂದ ಅದನ್ನು ಗಟಾರಕ್ಕೆ ಚೆಲ್ಲುವುದು ಅಪರಾಧವೆಂದೇ ಹೇಳಬೇಕು.

ಹೊಡೆದಾಡುವ ಮೀನನ್ನು ಕೆರೆಗೋ ಕಾಲುವೆಗೋ ಬಿಟ್ಟು ಕೈತೊಳೆದುಕೊಳ್ಳುವುದು ಅದಕ್ಕಿಂತಲೂ ಘೋರವಾದ ಅಪರಾಧ. 1952ರಲ್ಲಿ ಭಾರತಕ್ಕೆ ತರಲಾದ ತಿಲಾಪಿಯವೂ ಸಿಕ್ಲಿಡ್ ಕುಲದ್ದೇ. ಅದು ದೇಶದ ಕೆರೆಗಳಲ್ಲಿ ಬೇರೂರಿ ನಾಡಮೀನುಗಳ ನೆಲೆಯನ್ನು ಕಸಿದುಕೊಂಡುದನ್ನು ಕಂಡ ಮೇಲೂ ನಾವು ಎಚ್ಚರಗೊಳ್ಳದಿದ್ದರೆ ಹೇಗೆ? ಸಾಕಲಾರದ ಮೀನನ್ನು ಮಾರಿದವರಿಗೆ ಹಿಂದಿರುಗಿಸಬೇಕು, ಇಲ್ಲವೆ ದೊಡ್ಡ ತೊಟ್ಟಿಯುಳ್ಳವರಿಗೆ ಒಪ್ಪಿಸಬೇಕು.

ಮಾರುವವರು ಪ್ರತಿಯೊಂದು ಮೀನೂ ಎಷ್ಟುದ್ದ ಬೆಳೆಯುವುದೆಂಬುದನ್ನೂ ಯಾವುದರೊಡನೆ ಬಾಳಲಾರದೆಂಬುದನ್ನೂ ಕೊಳ್ಳುವವರಿಗೆ ತಿಳಿಸಲಿ; ಕೊಳ್ಳುವವರು ಅದನ್ನು ಕೇಳದೆ ಹಣ ಕೊಡದಿರಲಿ. ಮೀನಿಗೆ ಬೇಕಾದಷ್ಟು ಎಡೆಯನ್ನು ಕೊಡಲಾರದವರು ಅದನ್ನು ಮನೆಗೆ ತಾರದಿರುವುದೇ ಧರ್ಮ.