ಸೈಕಲ್ಲು, ಸಿರಿಧಾನ್ಯ ಮತ್ತು ಹೊಸ ಮಡಿವಂತಿಕೆ

ಹೊರನಾಡ ಕನ್ನಡಿಗರ ಕೂಟಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ಹರಿಕಥೆ ಕೇಳಿಬರುತ್ತಿದೆ. ಕಥಾನಾಯಕನಿಗೆ ನಲವತ್ತೈದರ ಆಸುಪಾಸು. ರಕ್ತಪರೀಕ್ಷೆಯ ವರದಿಯನ್ನು ನೋಡಿ ವೈದ್ಯರು ಹುಬ್ಬು ಗಂಟಿಕ್ಕುತ್ತಾರೆ, ನಾಯಕನಿಗೆ ಜ್ಞಾನೋದಯವಾಗುತ್ತದೆ, ಆತ ಸೈಕಲ್ ಕೊಳ್ಳುತ್ತಾನೆ, ಹೊರಗಿನ ಊಟ ಬಿಡುತ್ತಾನೆ, ಮನೆಯಲ್ಲಿ ನವಣೆ, ಸಾಮೆ ಬೇಯತೊಡಗುತ್ತವೆ, ಆರು ತಿಂಗಳಲ್ಲಿ ಎಂಟು ಕಿಲೋ ಇಳಿಯುತ್ತದೆ. ಮಂಗಳಾರತಿಯ ಹೊತ್ತಿಗೆ ಉಪದೇಶ: ಎಲ್ಲವೂ ಇಚ್ಛಾಶಕ್ತಿಯ ಮಾತು, ಮನಸ್ಸು ಮಾಡಿದರೆ ಯಾರು ಬೇಕಾದರೂ ಸಾಧಿಸಬಹುದು, ಊರಿನಲ್ಲಿರುವ ನಮ್ಮವರಿಗೆ ಮಾತ್ರ ಶಿಸ್ತಿಲ್ಲ.

ಸೈಕಲ್ಲಿನೊಡನೆಯಾಗಲಿ ಸಾಮೆಯೊಡನೆಯಾಗಲಿ ನನಗೆ ಜಗಳವಿಲ್ಲ. ನೆದರ್‌ಲ್ಯಾಂಡ್ಸಿನಲ್ಲಿ ಸಂಶೋಧಕಿಯಾಗಿರುವ ನಾನು ಸೈಕಲ್ ಕಲಿತದ್ದೇ ನಲವತ್ತೊಂದರಲ್ಲಿ. ಈಗ ಭಾನುವಾರಗಳಂದು ಕಾಲುವೆಯ ದಂಡೆಗುಂಟ ಹದಿನೈದೋ ಇಪ್ಪತ್ತೋ ಕಿಲೋಮೀಟರ್ ಕೇವಲ ಸಂತೋಷಕ್ಕಾಗಿ ತುಳಿಯುತ್ತೇನೆ. ಯಾವ ಗಡಿಯಾರಕ್ಕೂ ಅದರ ಲೆಕ್ಕ ಒಪ್ಪಿಸುವುದಿಲ್ಲ. ನನ್ನ ಜಗಳವಿರುವುದು ಆ ಉಪದೇಶದೊಡನೆ. ಏಕೆಂದರೆ ಆ ದನಿಯನ್ನು ನಾವು ಮೊದಲೂ ಕೇಳಿದ್ದೇವೆ. ಮೀಸಲಾತಿಯ ಪ್ರಸ್ತಾಪ ಬಂದಾಗಲೆಲ್ಲ ಏಳುತ್ತಿದ್ದ 'ಪ್ರತಿಭೆ'ಯ ದನಿ ಅದು. ಸರ್ಕಾರಿ ಕಾಲೇಜಿನ ಅಗ್ಗದ ಶುಲ್ಕ, ಮನೆಯ ಕಪಾಟಿನಲ್ಲಿದ್ದ ಪುಸ್ತಕ, ಪೇಟೆಯಲ್ಲಿದ್ದ ಚಿಕ್ಕಪ್ಪನ ಮನೆ, ಜಾತಿಯ ನಂಟು ಒದಗಿಸಿದ ಶಿಫಾರಸು, ಇವೆಲ್ಲವನ್ನೂ ಮರೆತು ವಿಮಾನ ಹತ್ತಿದ್ದು ತನ್ನ ಬುದ್ಧಿಬಲದಿಂದಲೇ ಎಂದು ನಂಬಿದ ತಲೆಮಾರು ಈಗ ನಡುವಯಸ್ಸಿಗೆ ಬಂದಿದೆ. ಅದೇ ವಾದ ಈಗ ಮಿದುಳಿನಿಂದ ಸೊಂಟಕ್ಕೆ ಇಳಿದಿದೆ. ಸೊಂಟದ ಸುತ್ತಳತೆಯೇ ಹೊಸ ರ‍್ಯಾಂಕ್ ಪಟ್ಟಿ.

ಈ ದೇಶದ ಸೈಕಲ್ಲಿನ ಚರಿತ್ರೆಯನ್ನೇ ನೋಡೋಣ. ಡಚ್ಚರು ಹುಟ್ಟಾ ಸೈಕಲ್ ಸವಾರರು, ಅದು ಅವರ ಸಂಸ್ಕೃತಿ ಎಂದು ನಮ್ಮವರು ಲಘುವಾಗಿ ಹೇಳಿಬಿಡುತ್ತಾರೆ. ಎರಡನೆಯ ಮಹಾಯುದ್ಧದ ನಂತರದ ಎರಡು ದಶಕಗಳಲ್ಲಿ ಈ ನಾಡೂ ಕಾರಿಗೆ ಶರಣಾಗಿತ್ತು. ಆಮ್‌ಸ್ಟರ್‌ಡಾಮಿನ ಹಳೆಯ ಬಡಾವಣೆಗಳನ್ನು ಕೆಡವಿ ಹೆದ್ದಾರಿ ನುಗ್ಗಿಸುವ ಯೋಜನೆಗಳು ಸಿದ್ಧವಾಗಿದ್ದವು. ಉಟ್ರೆಕ್ಟ್ ನಗರವಂತೂ ಕೋಟೆಯ ಸುತ್ತಣ ಪುರಾತನ ಕಾಲುವೆಯ ಒಂದು ಭಾಗವನ್ನು ಬರಿದು ಮಾಡಿ ಅದರ ತಳದಲ್ಲಿ ಮೋಟಾರು ರಸ್ತೆ ಹಾಸಿತು. 1971ರ ಒಂದೇ ವರ್ಷದಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ರಸ್ತೆಯಲ್ಲಿ ಮಗಳನ್ನು ಕಳೆದುಕೊಂಡಿದ್ದ ಪತ್ರಕರ್ತ ವಿಕ್ ಲಾಂಗೆನ್‌ಹೋಫ್ ಬರೆದ ಲೇಖನದ ತಲೆಬರಹ 'ಮಕ್ಕಳ ಕೊಲೆ ನಿಲ್ಲಿಸಿ' ಎಂದಿತ್ತು. ಅದೇ ಒಂದು ಚಳವಳಿಯ ಹೆಸರಾಯಿತು. ತಾಯಂದಿರೂ ಮಕ್ಕಳೂ ಬೀದಿಗಳನ್ನು ತಡೆದು ಕುಳಿತರು, ಸೈಕಲ್ಲುಗಳೊಡನೆ ರಸ್ತೆಯ ಮೇಲೆ ಮಲಗಿದರು. 1973ರ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರ ಭಾನುವಾರ ಕಾರು ಸಂಚಾರವನ್ನು ನಿಷೇಧಿಸಿದಾಗ, ಕಾರಿಲ್ಲದ ನಗರ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು. ಆಮೇಲೆ ಬಂದವು ಪ್ರತ್ಯೇಕ ಸೈಕಲ್ ಹಾದಿಗಳು, ಅವಕ್ಕೇ ಮೀಸಲಾದ ಸಂಚಾರ ದೀಪಗಳು. ಮೋಟಾರು ವಾಹನ ಸೈಕಲ್ಲಿಗೆ ಗುದ್ದಿದರೆ ನಷ್ಟದ ಕನಿಷ್ಠ ಅರ್ಧ ಹೊಣೆ ಸಾಮಾನ್ಯವಾಗಿ ವಾಹನದ ಕಡೆಯದು, ಗಾಯಗೊಂಡದ್ದು ಹದಿನಾಲ್ಕು ತುಂಬದ ಮಗುವಾದರೆ ಹೆಚ್ಚುಕಡಿಮೆ ಪೂರ್ಣ ಹೊಣೆ ಎಂಬ ನ್ಯಾಯವೂ ನೆಲೆಯಾಯಿತು. ಈಗ ವರ್ಷದ ರಸ್ತೆ ಸಾವುಗಳು ಏಳುನೂರರ ಆಸುಪಾಸಿನಲ್ಲಿವೆ. ಅವುಗಳಲ್ಲಿ ಸೈಕಲ್ ಸವಾರರ ಪಾಲೇ ದೊಡ್ಡದೆಂಬುದನ್ನೂ ಹೇಳಬೇಕು, ಇದೇನೂ ನಂದನವನವಲ್ಲ. ಉಟ್ರೆಕ್ಟಿನ ಕಾಲುವೆಯಲ್ಲಿ ಮತ್ತೆ ನೀರು ಸುತ್ತುವರಿದದ್ದು 2020ರಲ್ಲಿ. ಆ ದಂಡೆಯಲ್ಲಿ ನಮ್ಮ ಕಥಾನಾಯಕ ಸೈಕಲ್ ತುಳಿದು ಇಚ್ಛಾಶಕ್ತಿಯ ಮಾತಾಡುತ್ತಾನೆ. ಅವನ ಚಕ್ರದ ಕೆಳಗಿರುವ ಕೆಂಪು ಡಾಂಬರು ಬೇರೆಯವರ ಹೋರಾಟದ ಫಲ.

ನಾನು ಕಲಿತದ್ದು ನಗರದ ಬಡಾವಣೆಯೊಂದರ ಸಮುದಾಯ ಕೇಂದ್ರದ ಅಂಗಳದಲ್ಲಿ, ಮೊರಾಕ್ಕೊ, ತುರ್ಕಿ, ಸಿರಿಯಾಗಳಿಂದ ಬಂದ ಹೆಂಗಸರ ನಡುವೆ. ವಯಸ್ಕರಿಗೆ ಕಲಿಸುವ ಕ್ರಮ ಸರಳವಾದದ್ದು. ಸೀಟನ್ನು ಎರಡೂ ಪಾದಗಳು ನೆಲಕ್ಕೆ ಊರುವಷ್ಟು ತಗ್ಗಿಸುತ್ತಾರೆ. ಪೆಡಲಿನ ಗೊಡವೆಗೆ ಹೋಗದೆ, ನೆಲವನ್ನು ಕಾಲಿನಿಂದ ಒದ್ದು ಒದ್ದು ಜಾರುವುದನ್ನು ಮೊದಲು ರೂಢಿಸುತ್ತಾರೆ. ಮುಂದಿನ ಚಕ್ರವನ್ನು ನೋಡಬೇಡಿ, ದೂರದ ಮರವನ್ನು ನೋಡಿ ಎನ್ನುತ್ತಾರೆ. ಸಮತೋಲ ಬಂದ ಮೇಲಷ್ಟೇ ಪೆಡಲು; ಅದಾದ ಮೇಲೆ, ಹಿಂದಕ್ಕೆ ತುಳಿದರೆ ನಿಲ್ಲುವ ಇಲ್ಲಿನ ಬ್ರೇಕಿನ ಪಾಠ; ಕೊನೆಗೆ ಒಂದು ಕೈ ಬಿಟ್ಟು ತಿರುವಿನ ಸೂಚನೆ ಕೊಡುವ ಪಾಠ. ನಮ್ಮ ಗುಂಪಿನಲ್ಲಿ ಇಚ್ಛಾಶಕ್ತಿಗೆ ಕೊರತೆಯಿದ್ದವರು ಒಬ್ಬರೂ ಇರಲಿಲ್ಲ. ಅವರಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಯಾರೂ ಸೈಕಲ್ ಕೊಟ್ಟಿರಲಿಲ್ಲ, ಅಷ್ಟೆ. ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು.

ಹೆಣ್ಣುಮಕ್ಕಳ ಕೈಗೆ ಸೈಕಲ್ ಬಂದರೆ ಏನಾಗುತ್ತದೆಂಬುದಕ್ಕೆ ನಮ್ಮ ನೆರೆಯ ಪುದುಕ್ಕೋಟ್ಟೈ ಸಾಕ್ಷಿ. 1990ರ ದಶಕದ ಆದಿಯಲ್ಲಿ ಅಲ್ಲಿಯ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಪಾಠವಾಗಿಸಿತು. ಕೂಲಿಕಾರ, ಕಲ್ಲುಕ್ವಾರಿಯ ಹೆಣ್ಣುಮಕ್ಕಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಕಲಿತರು. ಬಿಹಾರ 2006ರಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಡತೊಡಗಿತು. ಅದರ ಪರಿಣಾಮವನ್ನು ಅಳೆದ ಅರ್ಥಶಾಸ್ತ್ರಜ್ಞರು, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೆಯ ಒಂದರಷ್ಟು ಏರಿತೆಂದು ಕಂಡುಕೊಂಡರು. ಕರ್ನಾಟಕವೂ 2006-07ರಿಂದ ಸರ್ಕಾರಿ ಶಾಲೆಗಳ ಎಂಟನೆಯ ತರಗತಿಯವರಿಗೆ ಸೈಕಲ್ ಕೊಟ್ಟಿತು. ಕೋವಿಡ್ ಕಾಲದಲ್ಲಿ ನಿಂತ ಆ ಯೋಜನೆ ನಂತರದ ಹಲವು ವರ್ಷ ಮರಳಲಿಲ್ಲ. ಅದು ನಿಂತಾಗ ನಮ್ಮ ಸೈಕಲ್ ಪ್ರೇಮಿ ಮಿತ್ರರಲ್ಲಿ ಒಬ್ಬರಾದರೂ ಒಂದು ಪತ್ರ ಬರೆದದ್ದು ನನ್ನ ಗಮನಕ್ಕೆ ಬಂದಿಲ್ಲ.

ಊರಿನಲ್ಲಿರುವವರಿಗೆ ಶಿಸ್ತಿಲ್ಲವೆನ್ನುವವರು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಂದು ಸಂಜೆ ಸೈಕಲ್ ತುಳಿದು ನೋಡಲಿ. 2020ರಲ್ಲಿ ಅಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಒಂದು ಸೈಕಲ್ ಪಥ ಮಾಡಿದ್ದರು. ಮೋಟಾರುಬೈಕುಗಳು ಅದರೊಳಕ್ಕೆ ನುಗ್ಗಿದವು, ಕಂಬಗಳು ಮುರಿದುಬಿದ್ದವು, ಪಥ ಅಳಿಸಿಹೋಯಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ಪ್ರಸ್ತಾವವಿದೆ, ಸಾವಿರಾರು ಕೋಟಿ ರೂಪಾಯಿಗಳದ್ದು. ಉಟ್ರೆಕ್ಟ್ ಅರ್ಧ ಶತಮಾನದ ಹಿಂದೆ ಕಾಲುವೆಯ ತಳದಲ್ಲಿ ಹಾಸಿ, ಕೊನೆಗೆ ತಾನೇ ಅಗೆದು ತೆಗೆದ ರಸ್ತೆಯನ್ನು ಬೆಂಗಳೂರು ನೆಲದಡಿಯಲ್ಲಿ ಹಾಸಲು ಹೊರಟಿದೆ. ಅದರ ಬಗ್ಗೆ ನಮ್ಮ ಕೂಟಗಳಲ್ಲಿ ಕೇಳಿಬರುವ ಮಾತೆಂದರೆ, ರಜೆಯಲ್ಲಿ ಊರಿಗೆ ಹೋದಾಗ ವಿಮಾನ ನಿಲ್ದಾಣಕ್ಕೆ ಬೇಗ ತಲುಪಬಹುದು ಎಂಬುದೊಂದೇ.

ಇನ್ನು ಅಡುಗೆಮನೆ. 'ಮನೆಯಲ್ಲಿ ನವಣೆ ಬೇಯತೊಡಗುತ್ತವೆ' ಎಂದೆನಲ್ಲ, ಆ ವಾಕ್ಯದಲ್ಲಿ ಕರ್ತೃವಿಲ್ಲದಿರುವುದನ್ನು ಗಮನಿಸಿ. ಬೇಯಿಸುವವರು ಯಾರು? ಭಾರತ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ದಿನವೊಂದರಲ್ಲಿ ವೇತನವಿಲ್ಲದ ಮನೆಗೆಲಸಕ್ಕೆ ಕೈಹಚ್ಚಿದ ಹೆಂಗಸರು ನೂರಕ್ಕೆ 81, ಗಂಡಸರು 26. ಕೈಹಚ್ಚಿದವರಲ್ಲೂ ಹೆಂಗಸರು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿದರು. ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ಕೂಡಲೇ ಈ ಲೆಕ್ಕ ಅದಲುಬದಲಾಗುತ್ತದೆಂದು ನಂಬಲು ನಾನು ಕಂಡ ಹೊರನಾಡ ಮನೆಗಳು ಕಾರಣ ಕೊಡುವುದಿಲ್ಲ. ಇಲ್ಲಿ ಆರೋಗ್ಯಕರ ಊಟವೆಂದರೆ ಬಹುಪಾಲು ಮನೆಗಳಲ್ಲಿ ಒಂದೇ ಒಲೆಯ ಮೇಲೆ ಮೂರು ಅಡುಗೆ: ಮಕ್ಕಳಿಗೆ ಪಾಸ್ತಾ, ಬಂದುಹೋಗುವ ಅತ್ತೆಮಾವನಿಗೆ ಅನ್ನ ಸಾರು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವ ಗಂಡನಿಗೆ ಸಿರಿಧಾನ್ಯ. ತೂಕ ಇಳಿದ ಕೀರ್ತಿ ಒಬ್ಬನಿಗೆ, ಪಾತ್ರೆ ಇನ್ನೊಬ್ಬಳಿಗೆ. ಗಂಡಸು ತಾನೇ ಸೌಟು ಹಿಡಿದರೂ ಅದೊಂದು ಶನಿವಾರದ ಉತ್ಸವ. ಹನ್ನೊಂದು ಬಗೆಯ ಸಂಬಾರ, ಮೂರು ಚಿತ್ರ, ಅಡುಗೆಕಟ್ಟೆಯ ತುಂಬ ಎಣ್ಣೆ. ಮಂಗಳವಾರ ಸಂಜೆ ಏಳಕ್ಕೆ ಫ್ರಿಜ್ಜಿನಲ್ಲಿ ಏನಿದೆಯೆಂದು ನೆನಪಿಟ್ಟಿರುವ ಕೆಲಸವನ್ನು ಯಾರೂ ಚಿತ್ರ ತೆಗೆಯುವುದಿಲ್ಲ.

ಆ ಸಿರಿಧಾನ್ಯದ ಮಾತಿಗೂ ಬರಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ನಮ್ಮ ಕೂಟಗಳಲ್ಲಿ ರಾಗಿಗೆ ಪಟ್ಟಾಭಿಷೇಕವಾಯಿತು. 'ನಮ್ಮ ಪೂರ್ವಿಕರ ಆಹಾರ' ಎಂಬ ಮಾತು ಎಲ್ಲರ ಬಾಯಲ್ಲೂ. ಯಾರ ಪೂರ್ವಿಕರು? ಹದಿನಾರನೆಯ ಶತಮಾನದಲ್ಲಿ ಕನಕದಾಸರು 'ರಾಮಧಾನ್ಯ ಚರಿತೆ' ಬರೆದು, ಅಕ್ಕಿ ಮತ್ತು ರಾಗಿಯ ಜಗಳ ಹೂಡಿ, ಆರು ತಿಂಗಳ ಸೆರೆಯ ನಂತರ ರಾಮನಿಂದ ರಾಗಿಯ ಪರವಾಗಿ ತೀರ್ಪು ಕೊಡಿಸಬೇಕಾಗಿ ಬಂದದ್ದೇ ರಾಗಿ ತಿನ್ನುವವರನ್ನು ಹೀನಾಯವಾಗಿ ಕಾಣುತ್ತಿದ್ದ ಸಮಾಜವೊಂದು ಇದ್ದುದರಿಂದ. ನನ್ನ ಹಾಸ್ಟೆಲ್ ದಿನಗಳಲ್ಲಿಯೂ 'ಮುದ್ದೆ' ಎಂಬುದು ಬೈಗುಳವಾಗಿಯೇ ಬಳಕೆಯಲ್ಲಿತ್ತು. ಇಂದು ನಾವು ಉಣ್ಣುವ ರಾಗಿ ಇಳುವರಿ ಕೊಡುವಂತಾದದ್ದರ ಹಿಂದೆ ಸರ್ಕಾರಿ ವಿಜ್ಞಾನಿಯೊಬ್ಬರ ದುಡಿಮೆಯಿದೆ: ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಭಾರತದ ತಳಿಯನ್ನು ಆಫ್ರಿಕದ ತಳಿಯೊಡನೆ ಸಂಕರಗೊಳಿಸಿ 'ಇಂಡಾಫ್' ತಳಿಗಳನ್ನು ರೂಪಿಸಿದರು. ಶುದ್ಧ ಸ್ವದೇಶಿ ಧಾನ್ಯವೆಂದು ಬೀಗುವವರು ಆ ಹೆಸರಿನ ಅರ್ಧ ಆಫ್ರಿಕವೆಂಬುದನ್ನು ನೆನೆಯಬೇಕು. ರಾಗಿಯ ಮೂಲವೂ ಆಫ್ರಿಕದ್ದೇ.

ರಾಗಿಯನ್ನು ತಟ್ಟೆಗೆ ಬರಮಾಡಿಕೊಂಡವರು ಅದನ್ನು ಉಂಡುಬಂದ ಜನರ ಸಾರನ್ನು ಮಾತ್ರ ಹೊರಗೇ ನಿಲ್ಲಿಸಿದ್ದಾರೆ. ಮುದ್ದೆಯ ಜೊತೆಗೆ ಕೋಳಿಸಾರು, ಒಣಮೀನು, ಬೋಟಿ ಕಾಣುವುದಿಲ್ಲ. ಅವುಗಳ ಜಾಗದಲ್ಲಿ 'ಸಾತ್ವಿಕ' ಎಂಬ ಪದ ಕುಳಿತಿದೆ. ಆರೋಗ್ಯದ ಉಡುಪು ತೊಟ್ಟು ಬಂದ ಮಡಿಯೆಂದರೆ ಇದೇ. ಈ ಪದ ಊರಿನಲ್ಲಿ ಮಾಡುವ ಕೆಲಸ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಭಾಗದ ಶಾಲಾಮಕ್ಕಳಿಗೆ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ಬಹಿರಂಗವಾಗಿ ವಿರೋಧಿಸಿದರು. ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಬಾಲಕಿ, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಅವರಿಗೆ ಸವಾಲು ಹಾಕಿದಳು. ಆ ಮಗುವಿನ ಮಾತಿನಲ್ಲಿದ್ದ ಪೌಷ್ಟಿಕ ವಿಜ್ಞಾನ ನಮ್ಮ ಆರೋಗ್ಯ ಉಪನ್ಯಾಸಗಳಲ್ಲಿಲ್ಲ. ಯೋಜನೆ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ವಾರಕ್ಕೆ ಆರು ಮೊಟ್ಟೆಗೆ ಏರಿತು. ಅಂದು ಆ ಹುಡುಗಿಯ ಪರ ನಿಂತ ಹೊರನಾಡ ಸಂಘಗಳೆಷ್ಟು?

ಹಾಗಾದರೆ ವ್ಯವಸ್ಥೆ ಬದಲಾಗುವವರೆಗೆ ಸೋಫಾದ ಮೇಲೆ ಕುಳಿತಿರಬೇಕೇ ಎಂದು ಮಿತ್ರರು ಕುಟುಕುತ್ತಾರೆ. ಬೇಡ, ಏಳಿ. ದಕ್ಷಿಣ ಏಷ್ಯಾದವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ತೂಕಕ್ಕೇ, ಬೇಗನೆ ಬರುತ್ತದೆಂಬುದು ಖಚಿತ. ದೇಹತೂಕದ ಸೂಚ್ಯಂಕ 23 ದಾಟಿದರೆ ನಾವು ಎಚ್ಚರಗೊಳ್ಳಬೇಕು. ಹಳೆಯದೊಂದು ಸೈಕಲ್ ಕೊಳ್ಳಿ. ಬೆಲೆಯ ಅರ್ಧ ಹಣವನ್ನು ಗಟ್ಟಿ ಬೀಗಕ್ಕಿಡಿ. ಮೊದಲ ತಿಂಗಳು ಐದು ಕಿಲೋಮೀಟರ್ ದಾಟಬೇಡಿ, ಮತ್ತು ಹೋಗುವಾಗ ಎದುರುಗಾಳಿ ಇರುವ ದಿಕ್ಕನ್ನು ಆರಿಸಿಕೊಳ್ಳಿ. ಮರಳುವಾಗ ಗಾಳಿ ನಿಮ್ಮನ್ನು ಮನೆ ಮುಟ್ಟಿಸುತ್ತದೆ. ಅಡುಗೆಗೆ ಹೊಸಬರಾದರೆ ಬಸ್ಸಾರಿನಿಂದ ತೊಡಗಿ. ಸುರಿನಾಮಿ ಅಂಗಡಿಗಳಲ್ಲಿ ಉದ್ದನೆಯ ಅಲಸಂದೆಕಾಯಿ ಸಿಗುತ್ತದೆ, ಪಾಲಕ್ ಎಲ್ಲೆಲ್ಲೂ ಇದೆ. ಹೆಸರುಕಾಳಿನೊಡನೆ ಬೇಯಿಸಿ ಬಸಿದರೆ ಕಟ್ಟಿನಿಂದ ಸಾರು, ಉಳಿದುದರಿಂದ ಪಲ್ಯ. ಒಂದು ಬೇಯಿಸುವಿಕೆಗೆ ಎರಡು ಪದಾರ್ಥ. ಇದನ್ನು ಕಂಡುಹಿಡಿದವರು ಹೊಲದಿಂದ ಸಂಜೆ ಮರಳಿ, ಸೌದೆಯನ್ನೂ ಸಮಯವನ್ನೂ ಉಳಿಸಲೇಬೇಕಾಗಿದ್ದ ಹೆಂಗಸರು. ಅವರನ್ನು ಪೂರ್ವಿಕರೆಂದು ಕರೆಯಲು ನನ್ನ ಅಡ್ಡಿಯಿಲ್ಲ. ಮುದ್ದೆ ಮೊದಲ ಸಲ ಗಂಟುಗಂಟಾಗುತ್ತದೆ, ತಿನ್ನಿ. ಗಂಡಸರಿಗೆ ಒಂದೇ ಷರತ್ತು: ವಾರದಲ್ಲಿ ಮೂರು ದಿನ, ಅದರಲ್ಲಿ ಎರಡು ಕೆಲಸದ ದಿನ, ಸಾಮಾನು ತರುವುದರಿಂದ ಕೊನೆಯ ಪಾತ್ರೆ ಒರೆಸುವವರೆಗೆ.

ಇಷ್ಟು ಮಾಡುವುದಕ್ಕೂ ಬಿಡುವು ಬೇಕು. ಇಲ್ಲಿ ವಾರಕ್ಕೆ ಸರಾಸರಿ 32 ಗಂಟೆ ದುಡಿಮೆ; ಅದೂ ಸಂಘಟಿತ ಕಾರ್ಮಿಕರು ಗಳಿಸಿದ್ದು. ಮಳೆಯ ಸಂಜೆಗಳಲ್ಲಿ ಬೆನ್ನಿಗೆ ಚೌಕದ ಚೀಲ ಹೊತ್ತು ಇದೇ ಕೆಂಪು ಹಾದಿಯಲ್ಲಿ ಊಟ ತಲುಪಿಸುವ ಭಾರತೀಯ ವಿದ್ಯಾರ್ಥಿಗಳು ನನಗಿಂತ ಹೆಚ್ಚು ಕಿಲೋಮೀಟರ್ ತುಳಿಯುತ್ತಾರೆ, ಅದನ್ನು ಯಾರೂ ಆರೋಗ್ಯವೆನ್ನುವುದಿಲ್ಲ. ಆಹಾರ ಸಾಗಿಸುವ ಇಂತಹ ಸವಾರರು ನೌಕರರೇ ಎಂದು ಡಚ್ ಸರ್ವೋಚ್ಚ ನ್ಯಾಯಾಲಯ 2023ರ ಮಾರ್ಚಿನಲ್ಲಿ ಹೇಳಿತು. ಆ ದಾವೆ ಹೂಡಿದ್ದು ಕಾರ್ಮಿಕ ಸಂಘ.

ಬರುವ ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿಗಳು ಈಗ ಸಿದ್ಧವಾಗುತ್ತಿರುತ್ತವೆ. ಆರೋಗ್ಯದ ಗೋಷ್ಠಿಗೆ ನಲವತ್ತು ನಿಮಿಷ ಮೀಸಲಿಟ್ಟಿದ್ದರೆ ಅದರಲ್ಲಿ ಇಪ್ಪತ್ತು ನಿಮಿಷ ನನಗೆ ಬೇಡ, ಸಂಘದ ಹೆಸರಿನ ಒಂದು ಕಾಗದಕ್ಕೆ ಬೇಕು. ಅದರಲ್ಲಿ ಮೂರು ಸಾಲು ಸಾಕು: ಎಂಟನೆಯ ತರಗತಿಯ ಸೈಕಲ್ಲು ಯಾವ ವರ್ಷವೂ ತಪ್ಪಬಾರದು, ಆರು ದಿನದ ಮೊಟ್ಟೆ ನಿಲ್ಲಬಾರದು, ಸುರಂಗಕ್ಕೆ ಮೊದಲು ಪಾದಚಾರಿ ಹಾದಿ ಮತ್ತು ಸೈಕಲ್ ಹಾದಿ. ಕೆಳಗೆ ಸಹಿ ಹಾಕುವವರು ತಮ್ಮ ತೂಕವನ್ನು ನಮೂದಿಸಬೇಕಾಗಿಲ್ಲ.