ಚಾಲನಾ ತರಬೇತಿಯ ವೇಳೆ ಬೋಧಕರ ಮೊಬೈಲ್ ಬಳಕೆ

ಕಲಿಕಾ ಪರವಾನಗಿ ಹೊಂದಿದವರು ಕಾರು ಚಲಾಯಿಸುವಾಗ ಬೋಧಕರು ಪಕ್ಕದಲ್ಲಿದ್ದರಷ್ಟೇ ಸಾಲದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 3ನೇ ನಿಯಮದ ಮೇರೆಗೆ, ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಸಾಧ್ಯವಾಗುವ ಸ್ಥಾನದಲ್ಲಿ ಅವರು ಕುಳಿತಿರತಕ್ಕದ್ದು. ತರಬೇತಿ ಶಾಲೆಯ ಕಾರಿನಲ್ಲಿ ಬೋಧಕರ ಕಾಲ ಬಳಿಯೂ ಬ್ರೇಕ್ ಅಳವಡಿಸಿರುವುದು ಇದಕ್ಕಾಗಿಯೇ. ಗಂಟೆಗೆ 40 ಕಿ.ಮೀ. ವೇಗದಲ್ಲಿ ವಾಹನವು ಸೆಕೆಂಡಿಗೆ ಸುಮಾರು 11 ಮೀಟರ್ ಕ್ರಮಿಸುತ್ತದೆ. ಎರಡು ಸೆಕೆಂಡು ಮೊಬೈಲ್ ಪರದೆ ನೋಡಿದ ಬೋಧಕರಿಗೆ 22 ಮೀಟರ್ ರಸ್ತೆ ಕಂಡಿರುವುದಿಲ್ಲ. ಆಗ ಆ ಬ್ರೇಕ್ ಇದ್ದೂ ಇಲ್ಲದಂತೆಯೇ.

2019ರ ತಿದ್ದುಪಡಿಯು ಮೋಟಾರು ವಾಹನ ಕಾಯ್ದೆ, 1988ರ 184ನೇ ಪ್ರಕರಣದಡಿ, ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ತಂದಿತು. ಆದರೆ ಅಲ್ಲಿರುವುದು ‘ಚಾಲನೆ’ ಎಂಬ ಪದ; ಪಕ್ಕದ ಆಸನದ ಬೋಧಕರನ್ನು ಅದು ಹೆಸರಿಸುವುದಿಲ್ಲ. ಬ್ರಿಟನ್ನಿನಲ್ಲಿ 2003ರಿಂದಲೇ ಕಲಿಯುವವರ ಮೇಲ್ವಿಚಾರಕರಿಗೂ ಈ ನಿಷೇಧ ಸ್ಪಷ್ಟವಾಗಿ ಅನ್ವಯಿಸುತ್ತದೆ.

ಲಘು ಮೋಟಾರು ವಾಹನದ ತರಬೇತಿಯಲ್ಲಿ ಕನಿಷ್ಠ 10 ಗಂಟೆಗಳ ವಾಸ್ತವ ಚಾಲನೆ ಇರಬೇಕೆಂದು 31ನೇ ನಿಯಮ ವಿಧಿಸುತ್ತದೆ. ಬೋಧಕರ ದೂರವಾಣಿ ಸಂಭಾಷಣೆಯೂ ಈ ಲೆಕ್ಕದಲ್ಲೇ ಸೇರಿಹೋಗುತ್ತದೆ. ಶುಲ್ಕ ತೆತ್ತವರು ಮಾತ್ರ ಅಭ್ಯರ್ಥಿಗಳು. ಇಂತಹ ಸಂದರ್ಭದಲ್ಲಿ ವಾಹನವನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ, ಸಂಭಾಷಣೆ ಮುಗಿದ ನಂತರವೇ ಮುಂದುವರಿಯುವುದು ಸೂಕ್ತ. ದಿನಾಂಕ, ಸಮಯ ಹಾಗೂ ವಾಹನದ ನೋಂದಣಿ ಸಂಖ್ಯೆಯನ್ನು ನಮೂದಿಸಿ, ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಛೇರಿಗೆ ಲಿಖಿತ ದೂರು ಸಲ್ಲಿಸಬಹುದು.